ಎಮಿಲ್ ಮಾಲ್ ಮತ್ತು ಕೆಥೆಡ್ರಲುಗಳ ಲಿಪಿ

೧೭೯೩ನೆಯ ಇಸವಿಯ ಶರತ್ಕಾಲದಲ್ಲಿ ಪ್ಯಾರಿಸ್ ನಗರದ ಕ್ರಾಂತಿಕಾರಿ ಆಡಳಿತವು ನೋತ್ರ್ ದಾಮ್ ಕೆಥೆಡ್ರಲಿನ ಮೇಲಿದ್ದ ದೊರೆಗಳನ್ನು ಕೆಳಗಿಳಿಸಬೇಕೆಂದು ಅಪ್ಪಣೆ ಮಾಡಿತು. ಆ ದೇವಾಲಯದ ಪಶ್ಚಿಮ ಮುಖದಲ್ಲಿ, ಮೂರು ಮಹಾದ್ವಾರಗಳ ಮೇಲ್ಗಡೆ, ಕಿರೀಟ ಧರಿಸಿದ ೨೮ ಬೃಹದಾಕಾರದ ಶಿಲಾಮೂರ್ತಿಗಳು ಒಂದೇ ಸಾಲಿನಲ್ಲಿ ನಿಂತಿದ್ದವು. ಹದಿನಾರನೆಯ ಲೂಯಿಯ ತಲೆ ಅದೇ ವರ್ಷದ ಜನವರಿಯಲ್ಲಿ ಉರುಳಿತ್ತು. ಆತನ ಪೂರ್ವಿಕರು ಇನ್ನೂ ತಲೆಯೆತ್ತಿ ನಿಂತಿರುವುದನ್ನು ಜನ ಹೇಗೆ ಸಹಿಸಿಯಾರು? ಮೂರ್ತಿಗಳನ್ನು ಕೆಡವಿದರು, ತಲೆಗಳನ್ನು ಕಡಿದರು, ಕಲ್ಲನ್ನು ಕಟ್ಟಡದ ಸಾಮಗ್ರಿಯೆಂದು ವಿಲೇವಾರಿ ಮಾಡಿದರು. ೧೯೭೭ರಲ್ಲಿ ಅದೇ ನಗರದ ಒಂದು ಭವನದ ಅಂಗಳವನ್ನು ಅಗೆಯುತ್ತಿದ್ದಾಗ ಆ ತಲೆಗಳಲ್ಲಿ ೨೧ ಹೊರಬಂದವು. ಕೆಲವುಗಳ ಕೆನ್ನೆಯ ಮೇಲೆ ಹದಿಮೂರನೆಯ ಶತಮಾನದ ಬಣ್ಣದ ಸುಳಿವು ಇನ್ನೂ ಉಳಿದಿತ್ತು. ಈಗ ಅವು ಪ್ಯಾರಿಸ್ಸಿನ ಕ್ಲೂನಿ ವಸ್ತುಸಂಗ್ರಹಾಲಯದಲ್ಲಿವೆ.

ಈ ಶಿರಚ್ಛೇದಕ್ಕೆ ಗುರಿಯಾದವರು ಫ್ರಾನ್ಸಿನ ದೊರೆಗಳಾಗಿರಲೇ ಇಲ್ಲ. ಜನಸಾಮಾನ್ಯರು ಬಹುಕಾಲದಿಂದ ಹಾಗೆ ತಿಳಿದುಕೊಂಡಿದ್ದರು, ಅಷ್ಟೆ. ಅವರು ಯೆಹೂದ ದೇಶದ ದೊರೆಗಳು, ದಾವೀದನ ಸಂತತಿಯವರು, ಕನ್ಯೆ ಮರಿಯಳ ಪೂರ್ವಜರು. ಆಕೆಗೆ ಸಮರ್ಪಿತವಾದ ದೇವಾಲಯದ ಮುಖದಲ್ಲಿ ಆಕೆಯ ವಂಶಾವಳಿಯನ್ನು ಶಿಲ್ಪಿಗಳು ನಿಲ್ಲಿಸಿದ್ದರು. ಬೂರ್ಬೋನ್ ಅರಸರ ಮೇಲಿನ ಸಿಟ್ಟಿಗೆ ಸೊಲೊಮೋನನೂ ಹಿಜ್ಕೀಯನೂ ತಲೆಕೊಟ್ಟರು. ಲಿಪಿ ಬಾರದವನ ಕೈಗೆ ದಾನಶಾಸನ ಸಿಕ್ಕಿದಂತಾಯಿತು ಅದು. ಈ ಮಾತನ್ನು ಇಂದು ನಾವು ಧೈರ್ಯವಾಗಿ ಹೇಳಲು ಕಾರಣರಾದವರಲ್ಲಿ ಮುಖ್ಯನಾದವನು, ಫ್ರಾನ್ಸಿನ ಕೆಥೆಡ್ರಲುಗಳ ಮರೆತುಹೋದ ಲಿಪಿಯನ್ನು ಮತ್ತೆ ಓದಿ ತೋರಿಸಿದ ಎಮಿಲ್ ಮಾಲ್ ಎಂಬ ವಿದ್ವಾಂಸ.

ಮಾಲ್ ಹುಟ್ಟಿದ್ದು ೧೮೬೨ರಲ್ಲಿ, ಮಧ್ಯ ಫ್ರಾನ್ಸಿನ ಕೊಮಾಂತ್ರಿ ಎಂಬ ಕಲ್ಲಿದ್ದಲ ಗಣಿಗಳ ಊರಿನಲ್ಲಿ. ಪ್ಯಾರಿಸ್ಸಿನ ಪ್ರಸಿದ್ಧವಾದ ಎಕೋಲ್ ನಾರ್ಮಾಲ್‌ನಲ್ಲಿ ಓದಿ, ೧೮೮೬ರಲ್ಲಿ ಸಾಹಿತ್ಯದ ಅಧ್ಯಾಪಕ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ, ಸಾಂತ್ ಎತಿಯೆನ್, ತುಲೂಸ್, ಅನಂತರ ಪ್ಯಾರಿಸ್ ಹೀಗೆ ಪ್ರೌಢಶಾಲೆಗಳಲ್ಲಿ ಅಲಂಕಾರಶಾಸ್ತ್ರವನ್ನೂ ಸಾಹಿತ್ಯವನ್ನೂ ಪಾಠ ಹೇಳಿದ. ಈ ಸಂಗತಿಯನ್ನು ನಾನು ಸ್ವಲ್ಪ ಒತ್ತಿ ಹೇಳಬಯಸುತ್ತೇನೆ. ಕಲೆಯ ಇತಿಹಾಸಕ್ಕೆ ಆತ ಬಂದದ್ದು ಚಿತ್ರಕಾರನಾಗಿ ಅಲ್ಲ, ವಾಸ್ತುಶಿಲ್ಪಿಯಾಗಿ ಅಲ್ಲ, ಪುರಾತನ ವಸ್ತುಗಳ ಸಂಗ್ರಾಹಕನಾಗಿಯೂ ಅಲ್ಲ. ಪಠ್ಯವನ್ನು ಪದಪದವಾಗಿ ಬಿಡಿಸಿ ಅರ್ಥ ಹೇಳುವ ಮೇಷ್ಟರಾಗಿ. ಆತನ ಬಲವೆಲ್ಲ ಅಲ್ಲಿದೆ. ಆತನ ಮಿತಿಯೂ ಅಲ್ಲಿಯೇ ಇದೆ. ಇಟಲಿಗೆ ಹೋದಾಗ ಫ್ಲಾರೆನ್ಸಿನ ಸಾಂತಾ ಮರೀಯಾ ನೊವೆಲ್ಲಾ ಇಗರ್ಜಿಯ ಭಿತ್ತಿಚಿತ್ರಗಳು ಆತನನ್ನು ಈ ದಾರಿಗೆ ಎಳೆದುವಂತೆ. ಅಲ್ಲಿನ ಸ್ಪ್ಯಾನಿಷ್ ಗರ್ಭಗುಡಿಯ ಗೋಡೆಯ ಮೇಲೆ ಇಡೀ ಒಂದು ದೇವತಾಶಾಸ್ತ್ರವೇ ಚಿತ್ರವಾಗಿ ಹರಡಿಕೊಂಡಿದೆ. ಶಾಸ್ತ್ರ ಗೊತ್ತಿಲ್ಲದವನಿಗೆ ಅದು ಬರಿಯ ಜನಜಂಗುಳಿ.

೧೮೯೮ರಲ್ಲಿ ‘ಹದಿಮೂರನೆಯ ಶತಮಾನದ ಫ್ರಾನ್ಸಿನ ಧಾರ್ಮಿಕ ಕಲೆ’ ಎಂಬ ಆತನ ಮಹಾಪ್ರಬಂಧ ಪ್ರಕಟವಾಯಿತು. ಅದು ಎಂತಹ ವಾತಾವರಣದಲ್ಲಿ ಬಂದಿತೆಂಬುದನ್ನು ನೆನೆದರೆ ಅದರ ಹಿರಿಮೆ ತಿಳಿಯುತ್ತದೆ. ಆಗ ಗಾಥಿಕ್ ಕಲೆಯನ್ನು ಕುರಿತು ಎರಡು ಬಗೆಯ ಹರಟೆ ಚಾಲ್ತಿಯಲ್ಲಿತ್ತು. ಒಂದು ವಿಕ್ಟರ್ ಹ್ಯೂಗೋವಿನಿಂದ ಬಂದದ್ದು. ೧೮೩೧ರ ತನ್ನ ಸುಪ್ರಸಿದ್ಧ ಕಾದಂಬರಿಯಲ್ಲಿ ಹ್ಯೂಗೋ, ಮುದ್ರಣಯಂತ್ರ ಬರುವ ಮುನ್ನ ಕಟ್ಟಡವೇ ಜನಾಂಗದ ಗ್ರಂಥವಾಗಿತ್ತು ಎಂದ. ಮಾತು ಸೊಗಸಾಗಿದೆ, ನಿಜವೂ ಹೌದು. ಆದರೆ ಆ ಗ್ರಂಥವನ್ನು ಬರೆದ ಶಿಲ್ಪಿಗಳು ಇಗರ್ಜಿಯ ವಿರುದ್ಧ ಗುಟ್ಟಾಗಿ ಬಂಡೆದ್ದ ಸ್ವತಂತ್ರ ವಿಚಾರಿಗಳೆಂದೂ ಆತ ಸೇರಿಸಿದ. ನೋತ್ರ್ ದಾಮ್ ಅನ್ನು ಜೀರ್ಣೋದ್ಧಾರ ಮಾಡಿದ ವಿಯೊಲೆ-ಲ-ದ್ಯೂಕ್ ಕೂಡ ಇದೇ ರಾಗ ಹಾಡಿದ. ಇನ್ನೊಂದು ಹರಟೆ ಭಕ್ತರದು. ಅವರಿಗೆ ಪ್ರತಿಯೊಂದು ಎಲೆ, ಪ್ರತಿಯೊಂದು ಬಾಲ, ಪ್ರತಿಯೊಂದು ಕೊಂಬು ಏನೋ ಒಂದು ಗೂಢಾರ್ಥದ ಕೀಲಿ. ಇಬ್ಬರೂ ಒಂದು ಕೆಲಸವನ್ನು ಮಾತ್ರ ಮಾಡಲಿಲ್ಲ: ಆ ಕಾಲದವರು ಓದುತ್ತಿದ್ದ ಪುಸ್ತಕಗಳನ್ನು ತೆರೆದು ನೋಡಲಿಲ್ಲ.

ನ್ಯಾಯವಾಗಿ ಹೇಳಬೇಕಾದರೆ ಮಾಲ್‌ಗಿಂತ ಮುಂಚೆಯೇ ದಾರಿ ಕಡಿದವರಿದ್ದರು. ದಿದ್ರೋಂ ಎಂಬಾತ ೧೮೪೩ರಲ್ಲಿ ಕ್ರೈಸ್ತ ಪ್ರತಿಮಾಶಾಸ್ತ್ರದ ಮೇಲೆ ಗ್ರಂಥ ಬರೆದ. ಕಾಯೇ ಮತ್ತು ಮಾರ್ತಾಂ ಎಂಬ ಇಬ್ಬರು ಜೆಸುಯಿಟ್ ಪಾದ್ರಿಗಳು ಬೂರ್ಜ್ ಕೆಥೆಡ್ರಲಿನ ಬಣ್ಣದ ಗಾಜಿನ ಕಿಟಕಿಗಳ ಮೇಲೆ ಅಮೂಲ್ಯವಾದ ಕೆಲಸ ಮಾಡಿದರು. ಮಾಲ್ ಇವರ ಋಣವನ್ನು ಮರೆಯಲಿಲ್ಲ. ಆದರೆ ಚೆದರಿದ್ದ ಅಕ್ಷರಗಳನ್ನು ಕೂಡಿಸಿ ವಾಕ್ಯವಾಗಿ ಓದಿದವನು ಈತನೇ.

ಮಾಲ್‌ನ ದೃಷ್ಟಿಯಲ್ಲಿ ಮಧ್ಯಯುಗದ ಕಲೆ ಮೊಟ್ಟಮೊದಲು ಒಂದು ಪವಿತ್ರ ಬರವಣಿಗೆ. ಅದರ ಅಕ್ಷರಮಾಲೆಯನ್ನು ಪ್ರತಿಯೊಬ್ಬ ಶಿಲ್ಪಿಯೂ ಕಲಿಯಲೇಬೇಕಿತ್ತು. ತಲೆಯ ಹಿಂದಿನ ಪ್ರಭಾವಳಿಯೊಳಗೆ ಶಿಲುಬೆಯ ಗುರುತಿದ್ದರೆ ಆ ವ್ಯಕ್ತಿ ದೇವರು. ಬರಿಯ ಪ್ರಭಾವಳಿಯಿದ್ದರೆ ಸಂತ. ಬರಿಗಾಲು ದೇವರಿಗೆ, ದೇವದೂತರಿಗೆ, ಕ್ರಿಸ್ತನಿಗೆ, ಆತನ ಹನ್ನೆರಡು ಅಪೋಸ್ತಲರಿಗೆ ಮಾತ್ರ. ಕನ್ಯೆ ಮರಿಯಳನ್ನು ಬರಿಗಾಲಿನಲ್ಲಿ ತೋರಿಸುವುದು ಸಣ್ಣ ಪ್ರಮಾದವಲ್ಲ, ಹೆಚ್ಚುಕಡಿಮೆ ಪಾಷಂಡತನ. ನಾಲ್ಕು ಬಳುಕು ಗೆರೆಗಳು ನೀರು. ಒಂದು ಬಾಗಿಲುಳ್ಳ ಗೋಪುರ ಒಂದು ನಗರ; ಕೊತ್ತಲಗಳ ನಡುವೆ ದೇವದೂತನೊಬ್ಬ ಕಾವಲಿದ್ದರೆ ಅದು ಸ್ವರ್ಗದ ಜೆರೂಸಲೇಮ್. ಗುಂಗುರುಗೂದಲು, ಒತ್ತಾದ ಗಿಡ್ಡ ಗಡ್ಡ ಇದ್ದವನು ಪೇತ್ರ. ಬೋಳುತಲೆ, ಉದ್ದಗಡ್ಡದವನು ಪೌಲ. ಶಂಖಚಕ್ರಗಳನ್ನು ಕಂಡು ವಿಷ್ಣುವೆಂದು ಹೇಳುವ ನಮ್ಮ ಹಳ್ಳಿಯ ಅಜ್ಜಿಗೆ ಇದನ್ನು ವಿವರಿಸಬೇಕಾದ ಅಗತ್ಯವೇ ಇರಲಾರದು.

ಇದರ ಮೇಲೆ ಒಂದು ಗಣಿತ. ಸ್ಥಾನ, ಕ್ರಮ, ಸಂಖ್ಯೆ ಇವೆಲ್ಲಕ್ಕೂ ಅರ್ಥವಿತ್ತು. ಬಲಗಡೆ ಎಡಕ್ಕಿಂತ ಶ್ರೇಷ್ಠ. ಆದ್ದರಿಂದ ಶಿಲುಬೆಯ ಬಲಕ್ಕೆ ತಾಯಿ, ಎಡಕ್ಕೆ ಶಿಷ್ಯ ಯೋಹಾನ. ಚಳಿ ಮತ್ತು ಕತ್ತಲಿನ ಉತ್ತರ ದಿಕ್ಕು ಹಳೆಯ ಒಡಂಬಡಿಕೆಗೆ. ಬಿಸಿಲಿನ ದಕ್ಷಿಣ ಹೊಸ ಒಡಂಬಡಿಕೆಗೆ. ಸೂರ್ಯ ಮುಳುಗುವ ಪಶ್ಚಿಮದಲ್ಲಿ ಸಾಮಾನ್ಯವಾಗಿ ಲೋಕದ ಸಂಜೆಯಾದ ಅಂತಿಮ ತೀರ್ಪು. ಮೂರು ತ್ರಿಯೇಕ ದೇವರ ಸಂಖ್ಯೆ, ಅಂದರೆ ಆತ್ಮದ್ದು. ನಾಲ್ಕು ಭೂತಗಳ ಸಂಖ್ಯೆ, ಅಂದರೆ ಜಡದ್ದು. ಮೂರನ್ನು ನಾಲ್ಕರಿಂದ ಗುಣಿಸಿದರೆ ಹನ್ನೆರಡು, ಜಡದಲ್ಲಿ ಆತ್ಮವನ್ನು ತುಂಬುವ ಅಪೋಸ್ತಲರ ಸಂಖ್ಯೆ. ಇದೆಲ್ಲ ಮಾಲ್ ಕಟ್ಟಿದ ಕಲ್ಪನೆಯಲ್ಲ. ಅಗಸ್ಟೀನನಿಂದ ಮೊದಲುಗೊಂಡು ಮಧ್ಯಯುಗದ ವ್ಯಾಖ್ಯಾನಕಾರರು ಬರೆದಿಟ್ಟದ್ದು. ಈತ ಮಾಡಿದ್ದು ಆ ಧೂಳು ಹಿಡಿದ ಲ್ಯಾಟಿನ್ ಸಂಪುಟಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಮುಂದೆ ಬಂದು ನಿಂತದ್ದು.

ಒಂದು ನಿದರ್ಶನ ನೋಡೋಣ. ಅಮಿಯಾಂ ಕೆಥೆಡ್ರಲಿನ ನಡುಬಾಗಿಲಲ್ಲಿ ನಿಂತ ಕ್ರಿಸ್ತನ ಮೂರ್ತಿ ಬಹಳ ಪ್ರಸಿದ್ಧವಾದದ್ದು. ಆತನ ಪಾದಗಳ ಕೆಳಗೆ ಸಿಂಹ ಮತ್ತು ಘಟಸರ್ಪ. ಅವುಗಳ ಕೆಳಗೆ ಪೀಠದಲ್ಲಿ ಬೆಸಿಲಿಸ್ಕ್ ಎಂಬ ಕಲ್ಪಿತ ಪ್ರಾಣಿ ಮತ್ತು ಒಂದು ಹಾವು. ನಾಲ್ಕೂ ತೊಂಬತ್ತೊಂದನೆಯ ಕೀರ್ತನೆಯಿಂದ ಬಂದವೆಂಬುದು ಬೈಬಲ್ ಬಲ್ಲ ಯಾರಿಗಾದರೂ ತಿಳಿಯುತ್ತದೆ. ಆದರೆ ಆ ಹಾವು ವಿಚಿತ್ರ ಭಂಗಿಯಲ್ಲಿದೆ: ಒಂದು ಕಿವಿಯನ್ನು ನೆಲಕ್ಕೆ ಒತ್ತಿಕೊಂಡು, ಇನ್ನೊಂದಕ್ಕೆ ಬಾಲವನ್ನು ತುರುಕಿಕೊಂಡಿದೆ. ಏಕೆ? ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿದ್ದ ಹೊನೋರಿಯಸ್ ಎಂಬ ಬೋಧಕನ ಉಪದೇಶ ಸಂಗ್ರಹದಲ್ಲಿ ಉತ್ತರವಿದೆ. ಹಾವಾಡಿಗನ ಹಾಡನ್ನು ಕೇಳಬಾರದೆಂದು ಆ ಹಾವು ಹೀಗೆ ಕಿವಿ ಮುಚ್ಚಿಕೊಳ್ಳುತ್ತದೆಯಂತೆ. ಜೀವದ ಮಾತಿಗೆ ಕಿವಿಗೊಡದ ಪಾಪಿಯೂ ಹಾಗೆಯೇ. ಸಿಂಹ ಕ್ರಿಸ್ತವಿರೋಧಿ, ಘಟಸರ್ಪ ಸೈತಾನ, ಬೆಸಿಲಿಸ್ಕ್ ಮರಣ, ಹಾವು ಪಾಪ. ಗುರುತಿಲ್ಲದವನಿಗೆ ಒಂದು ಅಲಂಕಾರದ ಪೀಠ. ಗುರುತುಳ್ಳವನಿಗೆ ಒಂದು ಉಪದೇಶ. ಇದೇ ಹೊನೋರಿಯಸ್‌ನ ಗ್ರಂಥದಿಂದಲೇ ಲಿಯೋಂ ಕೆಥೆಡ್ರಲಿನ ಒಂದು ಕಿಟಕಿಯ ಪ್ರಾಣಿಗಳನ್ನೆಲ್ಲ ಮಾಲ್ ಬಿಡಿಸಿದ. ಪುನರುತ್ಥಾನದ ದೃಶ್ಯದ ಪಕ್ಕದಲ್ಲಿ ಮರಿಗಳೊಡನೆ ಒಂದು ಸಿಂಹ ಯಾಕಿದೆ? ಸಿಂಹದ ಮರಿ ಸತ್ತು ಹುಟ್ಟುತ್ತದೆ, ಮೂರನೆಯ ದಿನ ತಂದೆಯ ಗರ್ಜನೆಗೆ ಎಚ್ಚರಗೊಳ್ಳುತ್ತದೆ ಎಂಬುದು ಆ ಕಾಲದ ಪ್ರಾಣಿಶಾಸ್ತ್ರ.

ಹಾಗೆಂದು ಎಲ್ಲದರಲ್ಲಿಯೂ ಅರ್ಥ ಹುಡುಕುವವನಲ್ಲ ಮಾಲ್. ನನಗೆ ಆತ ಇಷ್ಟವಾಗುವುದು ಇಲ್ಲಿ. ೧೧೨೫ರ ಸುಮಾರಿಗೆ ಕ್ಲೆರ್ವೋ ಮಠದ ಸಂತ ಬರ್ನಾರ್ಡ್ ಒಂದು ಪತ್ರದಲ್ಲಿ, ಮಠಗಳ ಕಂಬಗಳ ಮೇಲೆ ಕೋತಿಗಳೂ ಅರ್ಧಮಾನವರೂ ಹಲವು ಮೈಗಳ ರಾಕ್ಷಸರೂ ಏಕಿರಬೇಕೆಂದು ಕಿಡಿಕಾರಿದ್ದಾನೆ. ಮಾಲ್‌ನ ವಾದ ಸರಳ: ಬೈಬಲಿನ ಪ್ರತಿ ಪದದಲ್ಲಿ ಗೂಢಾರ್ಥ ಕಂಡ ಮಹಾನುಭಾವಿಗೇ ಈ ಮೃಗಗಳ ಅರ್ಥ ತಿಳಿಯಲಿಲ್ಲವೆಂದರೆ, ಅವಕ್ಕೆ ಅರ್ಥವಿಲ್ಲವೆಂದೇ ತಿಳಿಯಬೇಕು. ಕಂಬದ ಬೋದಿಗೆಗಳಲ್ಲಿ ಕೆತ್ತಿದ ಎಲೆಗಳ ವಿಚಾರವೂ ಹಾಗೆಯೇ. ಜರೀಗಿಡ, ಮೂರೆಲೆ ಹುಲ್ಲು, ಹಂಬು ಇವೆಲ್ಲ ಆ ಪ್ರಾಂತ್ಯದ ಕಾಡುಮೇಡುಗಳಲ್ಲಿ ಬೆಳೆಯುವ ಸಾಧಾರಣ ಸಸ್ಯಗಳು. ಅವನ್ನು ಕೆತ್ತಿದವನು ಪ್ರೀತಿಯಿಂದ ಕೆತ್ತಿದ, ಅಷ್ಟೇ ಅರ್ಥ. ಲಾಂ ಪಟ್ಟಣದ ಕೆಥೆಡ್ರಲಿನ ಗೋಪುರಗಳ ತುದಿಯಲ್ಲಿ ಎತ್ತುಗಳು ಇಣುಕಿ ನೋಡುತ್ತಿವೆ. ಬೆಟ್ಟದ ಮೇಲಕ್ಕೆ ಕಲ್ಲು ಹೊತ್ತು ಸಾಗಿಸಿದ ಎತ್ತುಗಳ ನೆನಪಿಗೆ ಅವನ್ನು ಅಲ್ಲಿ ನಿಲ್ಲಿಸಿದರೆಂದು ಪರಂಪರೆ ಹೇಳುತ್ತದೆ. ಇದಕ್ಕೆ ಯಾವ ವ್ಯಾಖ್ಯಾನಕಾರ ಬೇಕು?

ಗ್ರಂಥದ ಚೌಕಟ್ಟಿನ ವಿಚಾರ ಹೇಳಬೇಕು. ಹದಿಮೂರನೆಯ ಶತಮಾನದಲ್ಲಿ ಬೋವೆಯ ವಿನ್ಸೆಂಟ್ ಎಂಬ ಡೊಮಿನಿಕನ್ ಸಂನ್ಯಾಸಿ ‘ಮಹಾದರ್ಪಣ’ ಎಂಬ ವಿಶ್ವಕೋಶವನ್ನು ರಚಿಸಿದ. ೮೦ ಖಂಡಗಳ ದೈತ್ಯ ಕೃತಿ. ಅದರಲ್ಲಿ ಪ್ರಕೃತಿ ದರ್ಪಣ, ಜ್ಞಾನ ದರ್ಪಣ, ಇತಿಹಾಸ ದರ್ಪಣ ಎಂಬ ಭಾಗಗಳಿವೆ. ನೀತಿ ದರ್ಪಣವೊಂದು ಆತನ ಹೆಸರಿನಲ್ಲೇ ಪ್ರಚಾರದಲ್ಲಿತ್ತು. ಮಾಲ್ ಈ ನಾಲ್ಕು ಕನ್ನಡಿಗಳನ್ನೇ ತನ್ನ ಗ್ರಂಥದ ನಾಲ್ಕು ಭಾಗಗಳನ್ನಾಗಿ ಮಾಡಿಕೊಂಡ. ವಿಶ್ವಕೋಶವೂ ಕೆಥೆಡ್ರಲೂ ಒಂದೇ ಕಾಲದ ಒಂದೇ ಮನಸ್ಸಿನ ಎರಡು ಕೃತಿಗಳು. ಆದ್ದರಿಂದ ಒಂದರ ವಿಷಯಸೂಚಿ ಇನ್ನೊಂದಕ್ಕೂ ಹೊಂದುತ್ತದೆ ಎಂಬುದು ಆತನ ತರ್ಕ.

ಜ್ಞಾನ ದರ್ಪಣದಲ್ಲಿ ಸಪ್ತವಿದ್ಯೆಗಳು ಸ್ತ್ರೀರೂಪದಲ್ಲಿ ಬರುತ್ತವೆ. ಶಾರ್ತ್ರ್ ಕೆಥೆಡ್ರಲಿನ ರಾಜದ್ವಾರದಲ್ಲಿ ಸಂಗೀತದೇವಿ ಗಂಟೆಗಳನ್ನು ಬಾರಿಸುತ್ತಾಳೆ. ಅವಳ ಕೆಳಗೆ ಪೈಥಾಗೊರಸ್ ಬಗ್ಗಿ ಕುಳಿತು ಬರೆಯುತ್ತಿದ್ದಾನೆ. ವ್ಯಾಕರಣದೇವಿಯ ಕೈಯಲ್ಲಿ ಪುಸ್ತಕದ ಜೊತೆಗೆ ಬೆತ್ತ, ಕಾಲಬಳಿ ಇಬ್ಬರು ಹುಡುಗರು. ವ್ಯಾಕರಣ ಪಾಠ ಹೇಳಿ ಜೀವನ ಸವೆಸಿದ ನನ್ನಂಥವರಿಗೆ ಆಕೆಯ ಆಯುಧವನ್ನು ಗುರುತಿಸುವುದು ಕಷ್ಟವಲ್ಲ. ಅದೇ ಭಾಗದಲ್ಲಿ ಹನ್ನೆರಡು ತಿಂಗಳ ದುಡಿಮೆಯೂ ಇದೆ: ಮಾಗಿಯಲ್ಲಿ ಬೆಂಕಿ ಕಾಯಿಸುವವನು, ಬೇಸಗೆಯಲ್ಲಿ ಹುಲ್ಲು ಕೊಯ್ಯುವವನು, ದ್ರಾಕ್ಷಿ ತುಳಿಯುವವನು. ರಾಶಿಚಕ್ರದ ಪಕ್ಕದಲ್ಲಿ, ಸಂತರ ಕಾಲಬುಡದಲ್ಲಿ, ಒಕ್ಕಲಿಗನಿಗೆ ಜಾಗ ಕೊಟ್ಟಿದ್ದಾರೆ. ಬಿದ್ದ ಮಾನವನು ಮೇಲೇಳುವುದಕ್ಕೆ ಕೈಕೆಲಸವೂ ಓದಿನಷ್ಟೇ ಸಾಧನವೆಂಬ ವಿನ್ಸೆಂಟನ ಮಾತನ್ನು ಮಾಲ್ ಇಲ್ಲಿಗೆ ಜೋಡಿಸುತ್ತಾನೆ.

ನೀತಿ ದರ್ಪಣದ ಅಧ್ಯಾಯ ನನಗೆ ಅತಿ ಪ್ರಿಯವಾದದ್ದು. ಪ್ಯಾರಿಸ್, ಅಮಿಯಾಂ, ಶಾರ್ತ್ರ್‌ಗಳಲ್ಲಿ ಸದ್ಗುಣಗಳು ಗಂಭೀರವಾಗಿ ಕುಳಿತ ಸ್ತ್ರೀಯರು. ಕೈಯಲ್ಲಿ ಗುರಾಣಿ, ಗುರಾಣಿಯ ಮೇಲೆ ಲಾಂಛನ. ಅವರ ಕೆಳಗಿನ ದುರ್ಗುಣಗಳಿಗೆ ಮಾತ್ರ ದೇವಿಯರ ರೂಪವಿಲ್ಲ. ಅವು ನಡೆಯುತ್ತಿರುವ ಘಟನೆಗಳು. ಧೈರ್ಯವೆಂಬ ದೇವಿ ಕವಚ ತೊಟ್ಟು ಕುಳಿತಿದ್ದಾಳೆ. ಅವಳ ಕೆಳಗೆ ಒಬ್ಬ ಯೋಧ ಕತ್ತಿಯನ್ನು ಕೆಳಗೆ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡುತ್ತಿದ್ದಾನೆ. ಅವನನ್ನು ಅಟ್ಟಿಕೊಂಡು ಬರುತ್ತಿರುವುದು ಒಂದು ಮೊಲ. ಸದ್ಗುಣ ಸ್ಥಿರವಾದ ಸ್ಥಿತಿ, ದುರ್ಗುಣ ಚಂಚಲವಾದ ಕ್ರಿಯೆ ಎಂಬ ತತ್ತ್ವವನ್ನು ಎಷ್ಟು ಹಗುರವಾಗಿ ಹೇಳಿದ್ದಾರೆ!

ಇತಿಹಾಸ ದರ್ಪಣದಲ್ಲಿ ಮಾಲ್ ಕಂಡುಕೊಂಡ ಒಂದು ಸಂಗತಿ ಆತನ ವಿಧಾನಕ್ಕೆ ಒಳ್ಳೆಯ ಸಾಕ್ಷಿ. ಕೆಥೆಡ್ರಲುಗಳಲ್ಲಿ ಕ್ರಿಸ್ತನ ಬಾಲ್ಯ ವಿಸ್ತಾರವಾಗಿದೆ; ಯಾತನೆ, ಮರಣ, ಪುನರುತ್ಥಾನಗಳೂ ಇವೆ. ಆದರೆ ಮಧ್ಯದ ವರ್ಷಗಳು, ಆತನ ಪವಾಡಗಳು, ಬೋಧನೆ, ಹೆಚ್ಚುಕಡಿಮೆ ಮಾಯವಾಗಿವೆ. ಸಾಮತಿಗಳಲ್ಲಿ ಶಿಲ್ಪಿಗಳು ಆರಿಸಿಕೊಂಡದ್ದು ನಾಲ್ಕನ್ನು ಮಾತ್ರ. ಎಷ್ಟೋ ಜನ ಇದನ್ನು ನೋಡಿದ್ದರು. ಯಾರಿಗೂ ಇದು ಪ್ರಶ್ನೆಯಾಗಿ ಕಾಣಲಿಲ್ಲ. ಮಾಲ್ ಸುವಾರ್ತೆಯನ್ನು ಬದಿಗಿಟ್ಟು ಪಂಚಾಂಗವನ್ನು ಕೈಗೆತ್ತಿಕೊಂಡ. ಶಿಲ್ಪಿಗಳು ಕ್ರಿಸ್ತನ ಜೀವನಚರಿತ್ರೆಯನ್ನು ಕೆತ್ತುತ್ತಿರಲಿಲ್ಲ. ವರ್ಷದ ಹಬ್ಬಗಳನ್ನು ಕೆತ್ತುತ್ತಿದ್ದರು. ಕ್ರಿಸ್ಮಸ್ ಸುತ್ತಿನ ಹಬ್ಬಗಳು ಒಂದು ಕಡೆ, ಈಸ್ಟರ್ ಸುತ್ತಿನವು ಇನ್ನೊಂದು ಕಡೆ. ನಡುವಿನದಕ್ಕೆ ದೊಡ್ಡ ಹಬ್ಬವಿಲ್ಲ, ಹಾಗಾಗಿ ಕಲ್ಲೂ ಇಲ್ಲ. ಕ್ರಿಸ್ತನ ತೊಟ್ಟಿಲ ಬಳಿ ನಿಂತ ಎತ್ತು ಕತ್ತೆಗಳ ಕಥೆಯೂ ಸ್ವಾರಸ್ಯಕರ. ಅವು ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಇಲ್ಲ. ಮತ್ತಾಯನ ಹೆಸರಿನ ಒಂದು ಅಪ್ರಮಾಣ ಸುವಾರ್ತೆಯಿಂದ ಬಂದವು, ಅದಕ್ಕೂ ಹಿಂದೆ ಪ್ರವಾದಿ ಯೆಶಾಯನ ಒಂದು ವಾಕ್ಯದಿಂದ. ಇನ್ನು ಶಾರ್ತ್ರ್‌ನ ದಕ್ಷಿಣ ಭಾಗದ ಎತ್ತರದ ಕಿಟಕಿಗಳಲ್ಲಿ ನಾಲ್ವರು ಪ್ರವಾದಿಗಳು ನಾಲ್ವರು ಸುವಾರ್ತಾಕಾರರನ್ನು ಹೆಗಲ ಮೇಲೆ ಹೊತ್ತು ನಿಂತಿದ್ದಾರೆ: ಯೆಶಾಯ ಮತ್ತಾಯನನ್ನು, ಯೆರೆಮೀಯ ಲೂಕನನ್ನು, ಯೆಹೆಜ್ಕೇಲ ಯೋಹಾನನನ್ನು, ದಾನಿಯೇಲ ಮಾರ್ಕನನ್ನು. ಹಿಂದಿನವರ ಹೆಗಲ ಮೇಲೆ ನಿಂತು ಮುಂದಿನವರು ದೂರ ನೋಡುತ್ತಾರೆಂಬುದನ್ನು ಗಾಜಿನಲ್ಲಿ ಇಷ್ಟು ನೇರವಾಗಿ ಹೇಳಲು ಎದೆಗಾರಿಕೆ ಬೇಕು.

ಈ ಗ್ರಂಥ ಪಂಡಿತರ ವಲಯವನ್ನು ದಾಟಿ ಓದುಗರನ್ನು ಪಡೆಯಿತು. ಅವರಲ್ಲಿ ಒಬ್ಬ ಮಾರ್ಸೆಲ್ ಪ್ರೂಸ್ತ್. ಅಮಿಯಾಂ ಕೆಥೆಡ್ರಲನ್ನು ಕುರಿತ ರಸ್ಕಿನ್ನನ ಪುಸ್ತಕವನ್ನು ಪ್ರೂಸ್ತ್ ೧೯೦೪ರಲ್ಲಿ ಫ್ರೆಂಚಿಗೆ ತಂದಾಗ ಟಿಪ್ಪಣಿಗಳಿಗೆ ಮಾಲ್‌ನನ್ನು ಧಾರಾಳವಾಗಿ ಬಳಸಿಕೊಂಡ. ೧೯೦೭ರಲ್ಲಿ ನಾರ್ಮಂಡಿಯಲ್ಲಿ ಯಾವ ಇಗರ್ಜಿಗಳನ್ನು ನೋಡಬೇಕೆಂದು ಪತ್ರ ಬರೆದು ಕೇಳಿದ. ೧೯೧೯ರಲ್ಲಿ ಬಂದ ಆತನ ಕಾದಂಬರಿಯ ಎರಡನೆಯ ಸಂಪುಟದಲ್ಲಿ, ಬಾಲ್ಬೆಕ್ ಎಂಬ ಕಲ್ಪಿತ ಊರಿನ ಇಗರ್ಜಿಯನ್ನು ಕಂಡು ತರುಣ ನಿರಾಶನಾಗುತ್ತಾನೆ. ಎಲ್ಸ್ತೀರ್ ಎಂಬ ಚಿತ್ರಕಾರ ಅದೇ ಬಾಗಿಲನ್ನು ಒಂದೊಂದು ಶಿಲ್ಪವಾಗಿ ಬಿಡಿಸಿ ಹೇಳಿದ ಮೇಲೆಯೇ ಅವನಿಗೆ ತಾನು ಏನನ್ನು ನೋಡದೆ ಹೋದೆನೆಂಬುದು ಹೊಳೆಯುತ್ತದೆ. ಆ ಪುಟಗಳಲ್ಲಿ ಎಲ್ಸ್ತೀರನ ಬಾಯಲ್ಲಿರುವುದು ಮಾಲ್‌ನ ವಿದ್ವತ್ತು. ಇನ್ನೊಬ್ಬ ಓದುಗ ನಮಗೆ ಹತ್ತಿರದವರು: ಆನಂದ ಕುಮಾರಸ್ವಾಮಿ. ಸಂಕೇತವೆಂಬುದು ಅಲಂಕಾರವಲ್ಲ, ಗಣಿತದಷ್ಟು ನಿಷ್ಕೃಷ್ಟವಾದ ಭಾಷೆ ಎಂದು ವಾದಿಸುವಾಗ ಅವರು ಮಾಲ್‌ನನ್ನು ಸ್ಮರಿಸುತ್ತಾರೆ.

೧೯೦೬ರಿಂದ ಮಾಲ್ ಸೊರ್ಬೋನ್ ವಿಶ್ವವಿದ್ಯಾಲಯದಲ್ಲಿ ಮಧ್ಯಯುಗದ ಕ್ರೈಸ್ತ ಕಲೆಯನ್ನು ಬೋಧಿಸಿದ. ೧೯೦೮ರಲ್ಲಿ ಮಧ್ಯಯುಗದ ಕೊನೆಯ ಭಾಗದ ಮೇಲೆ ಎರಡನೆಯ ಸಂಪುಟ ಬಂತು. ಇಲ್ಲಿ ಲೋಕವೇ ಬೇರೆ. ಹದಿಮೂರನೆಯ ಶತಮಾನದ ಪ್ರಶಾಂತ ಬೋಧಕ ಕ್ರಿಸ್ತನ ಜಾಗದಲ್ಲಿ ಮುಳ್ಳಿನ ಕಿರೀಟದ, ರಕ್ತ ಸುರಿಯುವ, ಬಂಡೆಯ ಮೇಲೆ ಕೈಕಟ್ಟಿ ಕುಳಿತು ಸಾವನ್ನು ಕಾಯುವ ಕ್ರಿಸ್ತ. ತೊಡೆಯ ಮೇಲೆ ಮಗನ ಶವವನ್ನು ಇಟ್ಟುಕೊಂಡ ತಾಯಿ. ಗೋರಿಗಳ ಮೇಲೆ ಕೊಳೆಯುತ್ತಿರುವ ದೇಹಗಳು. ಪ್ಯಾರಿಸ್ಸಿನ ಒಂದು ಸ್ಮಶಾನದ ಗೋಡೆಯ ಮೇಲೆ ೧೪೨೪-೨೫ರಲ್ಲಿ ಪೋಪನಿಂದ ಕೂಸಿನವರೆಗೆ ಎಲ್ಲರನ್ನೂ ಕೈಹಿಡಿದು ಕುಣಿಸಿಕೊಂಡು ಹೋಗುವ ಸಾವಿನ ಚಿತ್ರವನ್ನು ಬರೆಯಲಾಯಿತು. ಕಲಿಸುತ್ತಿದ್ದ ಕಲೆ ಅಳಿಸುವ ಕಲೆಯಾದದ್ದೇಕೆ? ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಭಾವುಕ ಧ್ಯಾನಗ್ರಂಥಗಳೂ, ಊರೂರಲ್ಲಿ ಆಡುತ್ತಿದ್ದ ಧಾರ್ಮಿಕ ನಾಟಕಗಳೂ ಕಾರಣವೆಂದು ಮಾಲ್ ಉತ್ತರಿಸಿದ. ರಂಗದ ಮೇಲೆ ಕಂಡದ್ದನ್ನು ಚಿತ್ರಕಾರ ಬರೆದ ಎಂಬ ಈ ವಾದವನ್ನು ಆತ ಬಹಳ ದೂರ ಎಳೆದನೆಂದೇ ನನ್ನ ಅಭಿಪ್ರಾಯ. ಉದಾಹರಣೆಗೆ, ಮೊದಲು ಹಾಸಿಗೆಯ ಮೇಲೆ ಮಲಗಿರುತ್ತಿದ್ದ ಮರಿಯಳು ಮುಂದೆ ನೆಲದ ಮೇಲಿನ ಶಿಶುವಿಗೆ ಮೊಣಕಾಲೂರಿ ಕೈಮುಗಿಯುವಂತಾದದ್ದಕ್ಕೆ, ಸ್ವೀಡನ್ನಿನ ಸಂತ ಬ್ರಿಜಿತ್ ಹದಿನಾಲ್ಕನೆಯ ಶತಮಾನದಲ್ಲಿ ಬೆತ್ಲೆಹೇಮಿನಲ್ಲಿ ಕಂಡ ದರ್ಶನವೇ ಮುಖ್ಯ ಮೂಲವೆಂದು ಅನಂತರದ ವಿದ್ವಾಂಸರು ತೋರಿಸಿದ್ದಾರೆ. ನಾಟಕವು ಚಿತ್ರದಿಂದ ಕಲಿತದ್ದೂ ಉಂಟು.

೧೯೧೪ರ ಸೆಪ್ಟೆಂಬರಿನಲ್ಲಿ ಜರ್ಮನ್ ಫಿರಂಗಿಗಳು ರೀಮ್ಸ್ ಕೆಥೆಡ್ರಲಿಗೆ ಬೆಂಕಿಯಿಟ್ಟವು. ನಗುವ ದೇವದೂತನೆಂದು ಹೆಸರಾದ ಮೂರ್ತಿಯ ತಲೆ ಉರುಳಿಬಿತ್ತು. ಜೀವಮಾನವೆಲ್ಲ ಈ ಕಲ್ಲುಗಳ ನಡುವೆ ಕಳೆದವನಿಗೆ ಏನನ್ನಿಸಿರಬೇಕು! ಆದರೆ ಆತನ ಕೋಪ ಹಿಡಿದ ದಾರಿ ವಿದ್ವತ್ತಿಗೆ ಶೋಭಿಸುವಂಥದಾಗಿರಲಿಲ್ಲ. ಮಧ್ಯಯುಗದ ಜರ್ಮನಿ ಕಲೆಯಲ್ಲಿ ಏನನ್ನೂ ಸೃಷ್ಟಿಸಲಿಲ್ಲ, ಅದರ ಕೆಲಸವೆಲ್ಲ ಅನುಕರಣೆ ಎಂದು ಲೇಖನಗಳನ್ನು ಬರೆದು ೧೯೧೭ರಲ್ಲಿ ಪುಸ್ತಕವಾಗಿ ಹೊರತಂದ. ಜರ್ಮನ್ ಪಂಡಿತರು ಅಷ್ಟೇ ಕಟುವಾಗಿ ಉತ್ತರಿಸಿದರು. ಬಾಂಬೆರ್ಗಿನ ಶಿಲ್ಪಿ ರೀಮ್ಸ್‌ನಿಂದ ಕಲಿತದ್ದು ನಿಜ. ಹಾಗೆಂದು ನೌಂಬುರ್ಗಿನ ದಾನಿಗಳ ಮೂರ್ತಿಗಳನ್ನು, ಮೇಲಂಗಿಯ ಕೊರಳಪಟ್ಟಿಯನ್ನು ಕೆನ್ನೆಗೆ ಎಳೆದುಕೊಂಡು ನಿಂತ ಆ ಊಟಾ ರಾಣಿಯನ್ನು, ಯಾರ ನಕಲು ಎನ್ನೋಣ? ಆತನ ಪುಸ್ತಕಗಳಲ್ಲಿ ಇದೊಂದನ್ನು ನಾನು ಎರಡನೆಯ ಸಲ ಓದಲಾರೆ.

ಹನ್ನೆರಡನೆಯ ಶತಮಾನದ ಸಂಪುಟ ೧೯೨೨ರಲ್ಲಿ ಬಂತು. ಅಲ್ಲಿನ ಮುಖ್ಯ ವಾದ, ಕಲ್ಲಿನ ಶಿಲ್ಪ ಹುಟ್ಟಿದ್ದು ಹಸ್ತಪ್ರತಿಗಳ ಚಿತ್ರಗಳಿಂದ ಎಂಬುದು. ಮುವಸಾಕ್ ಮಠದ ಬಾಗಿಲ ಮೇಲಿನ ಇಪ್ಪತ್ತನಾಲ್ಕು ಹಿರಿಯರನ್ನು ಆತ ಸ್ಪೇನಿನ ಬಿಯಾಟಸ್ ಎಂಬ ಸಂನ್ಯಾಸಿಯ ವ್ಯಾಖ್ಯಾನದ ಸಚಿತ್ರ ಪ್ರತಿಗಳಿಗೆ ಜೋಡಿಸಿದ. ಎಲ್ಲರೂ ಒಪ್ಪಿಲ್ಲ.

೧೯೨೩ರಿಂದ ೧೯೩೭ರವರೆಗೆ ಆತ ರೋಮಿನ ಫ್ರೆಂಚ್ ವಿದ್ಯಾಸಂಸ್ಥೆಯ ನಿರ್ದೇಶಕ. ೧೯೨೭ರಲ್ಲಿ ಫ್ರೆಂಚ್ ಅಕಾಡೆಮಿಗೆ ಚುನಾಯಿತನಾದ. ರೋಮಿನ ವರ್ಷಗಳು ಆತನ ಒಂದು ಹಳೆಯ ನಂಬಿಕೆಯನ್ನು ಮುರಿದವು. ಹದಿನಾರನೆಯ ಶತಮಾನದ ಟ್ರೆಂಟ್ ಸಭೆಯೊಂದಿಗೆ ಕ್ರೈಸ್ತ ಪ್ರತಿಮಾಪರಂಪರೆ ಕೊನೆಗೊಂಡಿತು, ಆಮೇಲಿನದೆಲ್ಲ ಕಲಾವಿದನ ಸ್ವೇಚ್ಛೆ ಎಂದು ಆತ ಮೊದಲು ತಿಳಿದಿದ್ದ. ಆದರೆ ರೋಮಿನ ಇಗರ್ಜಿಗಳಲ್ಲಿಯೂ ಅರಮನ�ೆಗಳಲ್ಲಿಯೂ ಯಾರಿಗೂ ಅರ್ಥವಾಗದ ರೂಪಕ ಸ್ತ್ರೀಯರು ಸಾಲುಸಾಲಾಗಿ ನಿಂತಿದ್ದರು. ಅವರ ಕೀಲಿಕೈ ಆತನಿಗೆ ಚೆಸಾರೆ ರೀಪಾ ಎಂಬವನ ‘ಇಕೊನೊಲೊಜಿಯಾ’ ಎಂಬ ೧೫೯೩ರ ಪುಸ್ತಕದಲ್ಲಿ ದೊರೆಯಿತು. ಸತ್ಯಕ್ಕೆ ಯಾವ ಉಡುಪು, ಅನುಗ್ರಹಕ್ಕೆ ಯಾವ ಲಾಂಛನ ಎಂದು ಅಕಾರಾದಿಯಾಗಿ ಪಟ್ಟಿಮಾಡಿದ, ಎಲ್ಲರೂ ಮರೆತ ಕೈಪಿಡಿ ಅದು. ೧೯೩೨ರಲ್ಲಿ ಟ್ರೆಂಟ್ ಸಭೆಯ ನಂತರದ ಧಾರ್ಮಿಕ ಕಲೆಯ ಮೇಲೆ ನಾಲ್ಕನೆಯ ಮಹಾಸಂಪುಟ ಬಂದಾಗ ಆತನಿಗೆ ಎಪ್ಪತ್ತು ವರ್ಷ. ತಾನೇ ಮುಚ್ಚಿದ್ದ ಬಾಗಿಲನ್ನು ಆ ವಯಸ್ಸಿನಲ್ಲಿ ತಾನೇ ತೆರೆದ.

ಮಾಲ್ ಮೇಲಿನ ಆಕ್ಷೇಪಗಳು ಹಗುರವಾದವಲ್ಲ. ೭೮೭ರ ನೈಸಿಯಾ ಸಭೆ, ಚಿತ್ರದ ವಿಷಯ ಇಗರ್ಜಿಯದು, ಕೈಚಳಕ ಮಾತ್ರ ಕಲಾವಿದನದು ಎಂದಿತ್ತು. ಅದನ್ನು ಮಾಲ್ ಅಕ್ಷರಶಃ ನಂಬಿದ. ಅವನ ಪುಟಗಳಲ್ಲಿ ಶಿಲ್ಪಿ ಯಾವಾಗಲೂ ವಿಧೇಯ ವಿದ್ಯಾರ್ಥಿ. ಉಕ್ತಲೇಖನ ಹೇಳುವವನು ಪಾದ್ರಿ. ಉಳಿಯ ಏಟು, ಗೆರೆಯ ಬಾಗು, ರೂಪದ ಒಳಗಿನ ಬಿಗಿ, ಇವುಗಳಿಗೆ ಅಲ್ಲಿ ಜಾಗ ಕಡಿಮೆ. ಆತನ ಅನಂತರ ಸೊರ್ಬೋನಿನಲ್ಲಿ ಬೋಧಿಸಿದ ಆನ್ರಿ ಫೊಸಿಯೋಂ ರೂಪಗಳಿಗೇ ಒಂದು ಸ್ವಂತ ಜೀವನವಿದೆಯೆಂದು ಇನ್ನೊಂದು ತುದಿಯಿಂದ ಹೊರಟ. ಅಮೆರಿಕದ ಮೇಯರ್ ಶಪೀರೋ ೧೯೪೭ರಲ್ಲಿ ಸಂತ ಬರ್ನಾರ್ಡನ ಅದೇ ಪತ್ರವನ್ನು ಮತ್ತೆ ಓದಿ, ಕೋಪಿಸಿಕೊಂಡ ಸಂತ ಆ ಮೃಗಗಳನ್ನು ಎಷ್ಟು ಸವಿಸ್ತಾರವಾಗಿ, ಎಷ್ಟು ಚೆಲುವಾಗಿ ವರ್ಣಿಸಿದ್ದಾನೆ ನೋಡಿ ಎಂದು ಕೇಳಿದ. ಅರ್ಥವಿಲ್ಲದಿದ್ದರೂ ಅಲ್ಲಿ ನೋಟದ ಸುಖವಿತ್ತು. ಆ ಸುಖಕ್ಕೂ ಒಂದು ಚರಿತ್ರೆ ಬೇಕು. ಈ ಆಕ್ಷೇಪಕ್ಕೆ ಮಾಲ್ ಬಳಿ ಉತ್ತರವಿದ್ದಂತೆ ನನಗೆ ಕಾಣುವುದಿಲ್ಲ. ನಾಲ್ಕು ದರ್ಪಣಗಳ ಚೌಕಟ್ಟಿಗೂ ಏಟು ಬಿದ್ದಿದೆ: ನೀತಿ ದರ್ಪಣವನ್ನು ವಿನ್ಸೆಂಟ್ ಬರೆಯಲಿಲ್ಲ, ಆತನ ಮರಣಾನಂತರ ಬೇರೆಯವರು ಸೇರಿಸಿದ್ದು, ಮತ್ತು ತಲೆಮಾರುಗಳ ಕಾಲ ಹಣ ಕೂಡಿದಂತೆ, ಯೋಜನೆ ಬದಲಾದಂತೆ ಮೇಲೆದ್ದ ಕೆಥೆಡ್ರಲ್ ಯಾವುದೂ ವಿಶ್ವಕೋಶದ ವಿಷಯಸೂಚಿಯನ್ನು ಅನುಸರಿಸಿ ಕಟ್ಟಿದ್ದಲ್ಲ.

ಇಷ್ಟಾದರೂ ಯಾವ ಆಕ್ಷೇಪಕನೂ ಅಮಿಯಾಂನ ಹಾವಿಗೆ ಬೇರೆ ಅರ್ಥ ಹೇಳಿಲ್ಲ. ಹಬ್ಬಗಳ ಪಂಚಾಂಗವನ್ನು ಯಾರೂ ತಳ್ಳಿಹಾಕಿಲ್ಲ. ಮುಂದೆ ಪನೋಫ್ಸ್ಕಿ ಮೊದಲಾದವರು ಪ್ರತಿಮಾವಿಜ್ಞಾನವನ್ನು ಬೇರೊಂದು ಆಳಕ್ಕೆ ಒಯ್ದರು ನಿಜ. ಅವರು ಇಳಿದದ್ದು ಮಾಲ್ ಕಡಿದ ಮೆಟ್ಟಿಲುಗಳ ಮೇಲೆ. ೨೦೧೯ರ ಏಪ್ರಿಲ್ ೧೫ರಂದು ನೋತ್ರ್ ದಾಮ್ ಹೊತ್ತಿ ಉರಿದು ೨೦೨೪ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆದ ನಡುವಿನ ಐದು ವರ್ಷಗಳಲ್ಲಿ, ಅಲ್ಲಿನ ಪ್ರತಿ ಕಲ್ಲನ್ನೂ ಹೆಸರು ಹಿಡಿದು ಗುರುತಿಸಬಲ್ಲವರಿದ್ದರು. ೧೭೯೩ರಲ್ಲಿ ಅಂಥವರಿದ್ದರೂ ಅವರ ಮಾತನ್ನು ಕೇಳುವವರಿರಲಿಲ್ಲ.

ಮಾಲ್ ಕೊನೆಯ ದಿನಗಳನ್ನು ಪ್ಯಾರಿಸ್ಸಿನ ಉತ್ತರದಲ್ಲಿರುವ ಶಾಲಿ ಎಂಬ ಹಳೆಯ ಮಠದಲ್ಲಿ, ಅಲ್ಲಿನ ವಸ್ತುಸಂಗ್ರಹಾಲಯದ ಪಾಲಕನಾಗಿ ಕಳೆದ. ೧೯೫೪ರ ಅಕ್ಟೋಬರಿನಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಅಲ್ಲಿಯೇ ತೀರಿಕೊಂಡ.

ಫ್ರೆಂಚ್ ಬಾರದ ನನ್ನಂಥವರು ಆತನನ್ನು ಇಂಗ್ಲಿಷಿನಲ್ಲಿ ಓದಬೇಕು. ಮೊದಲ ಗ್ರಂಥವನ್ನು ಡೋರಾ ನಸ್ಸಿ ೧೯೧೩ರಲ್ಲಿಯೇ ಅನುವಾದಿಸಿದ್ದಳು. ೧೯೫೮ರಲ್ಲಿ ‘ದಿ ಗಾಥಿಕ್ ಇಮೇಜ್’ ಎಂಬ ಹೆಸರಿನಿಂದ ಅಗ್ಗದ ಆವೃತ್ತಿಯಾಗಿ ಮತ್ತೆ ಬಂದು ಬಹಳ ಜನರ ಕೈ ಸೇರಿತು. ಮಧ್ಯಯುಗದ ಮೂರೂ ಸಂಪುಟಗಳನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ೧೯೭೮ರಿಂದ ೧೯೮೬ರ ಅವಧಿಯಲ್ಲಿ ಹೊಸದಾಗಿ ಅನುವಾದಿಸಿ, ಹೇರಳವಾದ ಚಿತ್ರಗಳೊಂದಿಗೆ ಪ್ರಕಟಿಸಿದೆ. ದೊಡ್ಡ ಗ್ರಂಥಾಲಯವುಳ್ಳ ಊರಿನಲ್ಲಿರುವವರು ವಿಚಾರಿಸಿ ನೋಡಬಹುದು. ಆರಂಭದ ಪುಟಗಳ ಸಂಖ್ಯಾಶಾಸ್ತ್ರ ಬೇಸರ ತಂದರೆ ಅಲ್ಲಿಯೇ ನಿಲ್ಲದೆ ಸದ್ಗುಣ ದುರ್ಗುಣಗಳ ಅಧ್ಯಾಯಕ್ಕೆ ಹೋಗಿ. ಮೊಲಕ್ಕೆ ಹೆದರಿ ಓಡುವ ಆ ಯೋಧ ಅಲ್ಲಿ ಸಿಗುತ್ತಾನೆ.